ಗ್ಯಾಸ್‌ಲೈಟಿನಲ್ಲಿ ಗ್ಯಾಸ್ ಎಲ್ಲಿದೆ?

(ವಿಜ್ಞಾನ ವಿಭಾಗ – ಒಂಬತ್ತನೇ ತರಗತಿ)

 

ನಮ್ಮ ಮನೆಯ ಅಟ್ಟದ ಮೇಲೆ ಗೋಣಿಚೀಲ ಸುತ್ತಿಟ್ಟ ಒಂದು ಗ್ಯಾಸ್‌ಲೈಟು ಇದೆ. ಪೇಟೆ ಕಡೆಯವರು ಅದನ್ನು ಪೆಟ್ರೋಮ್ಯಾಕ್ಸ್ ಎನ್ನುತ್ತಾರೆ. ಅದು ನಮ್ಮ ತಾತನದು. (ತಾತ ಅಂದರೆ ನಮ್ಮ ಕೈವಾರದ ತಾತಯ್ಯನವರಲ್ಲ, ನಮ್ಮಪ್ಪನ ಅಪ್ಪ!) ತಾತ ಹುಡುಗರಾಗಿದ್ದಾಗ ಮದುವೆ ದಿಬ್ಬಣ, ರಾತ್ರಿ ಭಜನೆ, ನಾಟಕ ಎಲ್ಲಕ್ಕೂ ಗ್ಯಾಸ್‌ಲೈಟನ್ನೇ ಬಾಡಿಗೆಗೆ ತರುತ್ತಿದ್ದರಂತೆ. ತಲೆ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಲೈಟು ಹೊತ್ತು ತಾತನೂ ಎಷ್ಟೋ ಊರು ನಡೆದಿದ್ದಾರೆ.

ನನಗೆ ಚಿಕ್ಕಂದಿನಿಂದ ಒಂದು ಅನುಮಾನ ಇತ್ತು. ಅದಕ್ಕೆ ಹಾಕುವುದು ಸೀಮೆಎಣ್ಣೆ. ಸಿಲಿಂಡರ್ ಇಲ್ಲ, ಪೈಪ್ ಇಲ್ಲ. ಆದರೂ ಗ್ಯಾಸ್‌ಲೈಟು ಅಂತ ಯಾಕೆ ಕರೆಯುತ್ತಾರೆ? ಗ್ಯಾಸ್ ಎಲ್ಲಿಂದ ಬಂತು? ಹೋದ ಬೇಸಿಗೆ ರಜೆಯಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಜೊತೆಗೆ ಒಂದು ದೊಡ್ಡ ತಪ್ಪು ಮಾಡುವುದರಿಂದ ನಾನು ಸ್ವಲ್ಪದರಲ್ಲಿ ಪಾರಾದೆ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕರೆಂಟು ಹೋದ ರಾತ್ರಿ

ಆ ದಿನ ಸಾಯಂಕಾಲ ಜೋರು ಗಾಳಿಮಳೆ. ಮಾವಿನ ಮರದ ಕೊಂಬೆ ಮುರಿದು ತಂತಿ ಮೇಲೆ ಬಿದ್ದು ಕರೆಂಟು ಹೋಯಿತು. ಬೇರೆ ದಿನ ಆಗಿದ್ದರೆ ಊಟ ಮಾಡಿ ಮಲಗಿಬಿಡುತ್ತಿದ್ದೆವು. ಆದರೆ ಅವತ್ತೇ ನಮ್ಮ ಹುಳುಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಲು ಶುರುವಾಗಿತ್ತು. ರೇಷ್ಮೆ ಸಾಕುವ ಮನೆಯವರಿಗೆ ಗೊತ್ತು, ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿಡದಿದ್ದರೆ ಸೊಪ್ಪಿನ ಮೇಲೆಯೇ ಗೂಡು ಕಟ್ಟುತ್ತವೆ. ಗೂಡು ಕೊಳೆಯಾಗುತ್ತದೆ, ಎರಡು ಹುಳು ಸೇರಿ ಒಂದೇ ಗೂಡು ಆಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಒಂದು ತಿಂಗಳ ದುಡಿಮೆ ಒಂದು ರಾತ್ರಿಯಲ್ಲಿ ಹಾಳು.

ಮೊಬೈಲ್ ಟಾರ್ಚಿನಲ್ಲಿ ಎರಡು ಗಂಟೆ ತಳ್ಳಿದೆವು. ಚಾರ್ಜು ಮುಗಿಯಿತು. ಆಗ ತಾತ ಅಟ್ಟ ಹತ್ತಿಸಿ ಗ್ಯಾಸ್‌ಲೈಟು ಇಳಿಸಿದರು. ವರ್ಷಕ್ಕೆ ಎರಡು ಸಲ ಒರೆಸಿ, ಹಚ್ಚಿ ನೋಡಿ ಇಡುವುದು ಅವರ ಅಭ್ಯಾಸ. ಅದಕ್ಕೇ ಅವತ್ತು ಕೈಕೊಡಲಿಲ್ಲ.

ತಾತ ಅದನ್ನು ಹುಳುಮನೆ ಒಳಗೆ ತರಲಿಲ್ಲ. "ಹುಳಕ್ಕೆ ಸೀಮೆಎಣ್ಣೆ ವಾಸನೆ, ಹೊಗೆ ಆಗಲ್ಲಮ್ಮ. ಬೆಳಕು ಜೋರಾದ್ರೂ ಹುಳ ಕತ್ತಲೆ ಕಡೆಗೇ ಹೋಗಿ ಗುಂಪು ಕಟ್ಕೊಳ್ತವೆ" ಎಂದು ಹೇಳಿ, ಅಂಗಳದಲ್ಲಿ ಹಚ್ಚಿ, ಕಿಟಕಿಯಿಂದ ಆಚೆ ಮಾರು ದೂರದಲ್ಲಿ ಕಂಬಕ್ಕೆ ನೇತು ಹಾಕಿಸಿದರು. ಕಿಟಕಿಯಿಂದ ಬಂದ ಬೆಳಕೇ ನಮಗೆ ಸಾಕಾಯಿತು.

ಉರಿಯುವುದು ಯಾವುದು?

ನಾವೆಲ್ಲ ಎಣ್ಣೆ ಉರಿಯುತ್ತದೆ ಎಂದು ತಿಳಿದಿದ್ದೇವೆ. ನಿಜವಾಗಿ ಉರಿಯುವುದು ಎಣ್ಣೆಯಲ್ಲ, ಎಣ್ಣೆಯ ಆವಿ. ಆವಿ ಗಾಳಿಯ ಜೊತೆ ಬೆರೆತಾಗ ಮಾತ್ರ ಜ್ವಾಲೆ ಬರುತ್ತದೆ. ಬುಡ್ಡಿ ದೀಪದಲ್ಲಿಯೂ ಹಾಗೆಯೇ. ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುತ್ತದೆ, ತುದಿಯ ಬಿಸಿಗೆ ಎಣ್ಣೆ ಆವಿಯಾಗುತ್ತದೆ, ಆವಿ ಉರಿಯುತ್ತದೆ. ಆದರೆ ಬುಡ್ಡಿಯಲ್ಲಿ ಆವಿಗೆ ಸಾಕಷ್ಟು ಗಾಳಿ ಸಿಗುವುದಿಲ್ಲ. ಪೂರ್ತಿ ಉರಿಯದೆ ಉಳಿದ ಇಂಗಾಲದ ಕಣಗಳು ಕಾದು ಹಳದಿಯಾಗಿ ಹೊಳೆಯುತ್ತವೆ, ಆಮೇಲೆ ಮಸಿಯಾಗಿ ಗೋಡೆಗೆ ಹತ್ತುತ್ತವೆ.

ಗ್ಯಾಸ್‌ಲೈಟಿನಲ್ಲಿ ಬತ್ತಿಯೇ ಇಲ್ಲ. ಪಂಪು ಹೊಡೆದಾಗ ಟ್ಯಾಂಕಿನೊಳಗಿನ ಗಾಳಿ ಎಣ್ಣೆಯನ್ನು ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ಮೇಲೆ ಕೊಳವೆ ಚೆನ್ನಾಗಿ ಕಾದಿರುತ್ತದೆ. ಅಲ್ಲಿ ಎಣ್ಣೆ ಆವಿಯಾಗಿ, ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ರಭಸವಾಗಿ ಹೊರಗೆ ಬರುತ್ತದೆ. ಬರುವಾಗ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಬೆರೆಯುತ್ತದೆ. ಆ ಮಿಶ್ರಣ ಮ್ಯಾಂಟಲ್ ಒಳಗೆ ನೀಲಿಯಾಗಿ ಉರಿಯುತ್ತದೆ.

ಈಗ ಉತ್ತರ ಸಿಕ್ಕಿತಲ್ಲ? ಗ್ಯಾಸನ್ನು ಯಾರೂ ತುಂಬಿಸುವುದಿಲ್ಲ, ಲೈಟೇ ತಯಾರು ಮಾಡಿಕೊಳ್ಳುತ್ತದೆ. ಒಂದು ಸಲ ಹತ್ತಿಕೊಂಡರೆ ಅದರ ಬಿಸಿಯೇ ಮುಂದಿನ ಎಣ್ಣೆಯನ್ನು ಆವಿ ಮಾಡುತ್ತಾ ಹೋಗುತ್ತದೆ.

ಮೂರು ವಿಷಯ ಜ್ಞಾಪಕ ಇಟ್ಟುಕೊಂಡರೆ ಸಾಕು: ಬಿಸಿ, ಒತ್ತಡ, ಸ್ವಚ್ಛತೆ. ಗ್ಯಾಸ್‌ಲೈಟಿನ ಎಲ್ಲ ತೊಂದರೆಗಳೂ ಈ ಮೂರರಲ್ಲಿ ಒಂದು ಕಡಿಮೆಯಾಗಿ ಬಂದವೇ.

ಮ್ಯಾಂಟಲ್ ಕಥೆ

ಬೆಳಕು ಕೊಡುವುದು ಜ್ವಾಲೆಯಲ್ಲ, ಮ್ಯಾಂಟಲ್. ಹೊಸ ಮ್ಯಾಂಟಲ್ ನೋಡಿದರೆ ಬಿಳಿ ಬಟ್ಟೆಯ ಪುಟ್ಟ ಚೀಲದ ಹಾಗೆ ಇರುತ್ತದೆ. ಮೊದಲ ಸಲ ಹಚ್ಚಿದಾಗ ನೂಲು ಸುಟ್ಟುಹೋಗಿ, ಅದಕ್ಕೆ ಹಿಡಿಸಿದ ಲೋಹದ ಆಕ್ಸೈಡ್ ಮಾತ್ರ ಬಲೆಯಾಗಿ ಉಳಿಯುತ್ತದೆ. ಆ ಬಲೆ ಕಾದು ಬೆಳ್ಳಗೆ ಹೊಳೆಯುತ್ತದೆ.

ಇದನ್ನು ಕಂಡುಹಿಡಿದವರು ಆಸ್ಟ್ರಿಯಾ ದೇಶದ ವಿಜ್ಞಾನಿ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್. ಅವರು 1885ರಲ್ಲಿ ಮೊದಲ ಪೇಟೆಂಟ್ ಪಡೆದರು. ಅದರ ಬೆಳಕು ಹಸಿರು ಹಸಿರಾಗಿತ್ತು. 1891ರಲ್ಲಿ 99 ಭಾಗ ಥೋರಿಯಂ ಆಕ್ಸೈಡ್, 1 ಭಾಗ ಸೀರಿಯಂ ಆಕ್ಸೈಡ್ ಸೇರಿಸಿದಾಗ ಒಳ್ಳೆಯ ಬಿಳಿ ಬೆಳಕು ಬಂತು. ಆ ಥೋರಿಯಂಗೂ ನಮ್ಮ ದೇಶಕ್ಕೂ ಸಂಬಂಧ ಉಂಟು. 1909ರಲ್ಲಿ ತಿರುವಾಂಕೂರಿನ ಕಡಲ ತೀರದಲ್ಲಿ ಮೊನಜೈಟ್ ಮರಳು ಇರುವುದನ್ನು ಒಬ್ಬ ಜರ್ಮನ್ ರಸಾಯನಶಾಸ್ತ್ರಜ್ಞ ಪತ್ತೆ ಮಾಡಿದರು. ಮ್ಯಾಂಟಲ್ ಮಾಡಲು ಆ ಮರಳು ಹಡಗಿನಲ್ಲಿ ಯುರೋಪಿಗೆ ಹೋಯಿತು. ಪೆಟ್ರೋಮ್ಯಾಕ್ಸ್ ಲೈಟು ಬಂದದ್ದೂ ಜರ್ಮನಿಯ ಬರ್ಲಿನ್‌ನಿಂದ. ಪೆಟ್ರೋಲಿಯಂ ಎಂಬ ಪದ ಮತ್ತು ತಯಾರಕ ಮ್ಯಾಕ್ಸ್ ಗ್ರೇಟ್ಸ್ ಅವರ ಹೆಸರು ಸೇರಿ ಪೆಟ್ರೋಮ್ಯಾಕ್ಸ್ ಆಯಿತು.

ಥೋರಿಯಂ ಸ್ವಲ್ಪ ವಿಕಿರಣ ಬಿಡುವ ವಸ್ತು. ಈಚಿನ ಹಲವು ಮ್ಯಾಂಟಲ್‌ಗಳಲ್ಲಿ ಅದರ ಬದಲು ಯಿಟ್ರಿಯಂ ಬಳಸುತ್ತಾರೆ. ಯಾವುದೇ ಇರಲಿ, ಒಡೆದ ಮ್ಯಾಂಟಲ್ ಪುಡಿಯನ್ನು ಬಾಯಲ್ಲಿ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು ಕೈ ತೊಳೆಯಬೇಕು. ಹೊಸದನ್ನು ಮೊದಲ ಸಲ ಸುಡುವಾಗ ಬಯಲಿನಲ್ಲೇ ಸುಡಬೇಕು.

ಹಚ್ಚುವ ಕ್ರಮ

ತಾತ ಮಾಡುವುದನ್ನು ನೋಡಿ ಬರೆದುಕೊಂಡಿದ್ದೇನೆ. ದೊಡ್ಡವರು ಹತ್ತಿರ ಇಲ್ಲದಿದ್ದರೆ ಯಾರೂ ಹಚ್ಚಬೇಡಿ.

1. ಲೈಟು ತಣ್ಣಗಿರುವಾಗ ಸೀಮೆಎಣ್ಣೆ ತುಂಬಿಸಬೇಕು. ಲಾಳಿಕೆಗೆ ತೆಳು ಬಟ್ಟೆ ಹಾಕಿ ಸೋಸಬೇಕು. ಟ್ಯಾಂಕಿನ ಮುಕ್ಕಾಲು ಭಾಗ ಮಾತ್ರ. ಉಳಿದ ಕಾಲು ಭಾಗ ಗಾಳಿಗೆ ಜಾಗ. ಪೂರ್ತಿ ತುಂಬಿಸಿದರೆ ಪಂಪು ಹೊಡೆಯಲು ಗಾಳಿಯೇ ಹಿಡಿಯುವುದಿಲ್ಲ.

2. ಚೆಲ್ಲಿದ ಎಣ್ಣೆ ಒರೆಸಿ, ಡಬ್ಬ ಮುಚ್ಚಿ ದೂರ ಇಡಬೇಕು. ಆ ಮೇಲೆ ಬೆಂಕಿಪೊಟ್ಟಣ ತೆಗೆಯಬೇಕು.

3. ಮ್ಯಾಂಟಲ್ ಸರಿಯಾಗಿ ಕಟ್ಟಿದೆಯೇ, ತೂತು ಬಿದ್ದಿದೆಯೇ ನೋಡಬೇಕು. ನೆರಿಗೆ ಎಲ್ಲ ಕಡೆ ಸಮವಾಗಿರಬೇಕು.

4. ಗಾಳಿ ಬಿಡುವ ಸ್ಕ್ರೂ ಸಡಿಲ ಇರಬೇಕು. ಒಳಗಿನ ಪುಟ್ಟ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಬೇಕು. ಸ್ಪಿರಿಟ್ ಉರಿದು ಕೊಳವೆ ಕಾಯುತ್ತದೆ. ಸುಮಾರು ಎರಡು ನಿಮಿಷ ಕಾಯಬೇಕು. ಚಳಿಗಾಲದಲ್ಲಿ ಎರಡನೇ ಸಲವೂ ಬೇಕಾಗಬಹುದು. ಆದರೆ ಮೊದಲಿನ ಸ್ಪಿರಿಟ್ ಪೂರ್ತಿ ಆರಿ, ಬಟ್ಟಲು ತಣ್ಣಗಾದ ಮೇಲೆಯೇ ಹಾಕಬೇಕು. ಉರಿಯುವ ಸ್ಪಿರಿಟ್ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಅದರ ಮೇಲೆ ಸುರಿದರೆ ಬೆಂಕಿ ಸೀಸೆಗೇ ಹತ್ತುತ್ತದೆ.

5. ಸ್ಪಿರಿಟ್ ಆರುವ ಹೊತ್ತಿಗೆ ಸ್ಕ್ರೂ ಬಿಗಿ ಮಾಡಿ ನಿಧಾನ ಪಂಪು ಹೊಡೆಯಬೇಕು. ಮ್ಯಾಂಟಲ್ ಹತ್ತಿಕೊಂಡ ಮೇಲೆ ಇನ್ನಷ್ಟು ಹೊಡೆದು, ಮೀಟರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಾಗ ನಿಲ್ಲಿಸಬೇಕು. ಗೆರೆ ದಾಟಬಾರದು.

6. ಆರಿಸಬೇಕಾದರೆ ಗಾಳಿ ಬಿಡುವ ಸ್ಕ್ರೂ ಸಡಿಲ ಮಾಡಬೇಕು. ಒತ್ತಡ ಇಳಿದು ಲೈಟು ತಾನೇ ಆರುತ್ತದೆ. ಹೊರಗೆ ಬರುವ ಗಾಳಿಯಲ್ಲಿ ಎಣ್ಣೆಯ ಆವಿ ಇರುವುದರಿಂದ ಹತ್ತಿರ ಬೇರೆ ದೀಪ, ಬೀಡಿ ಇರಬಾರದು.

ಕಾಯಿಲೆ ಮತ್ತು ಔಷಧಿ

*ಹಳದಿ ಜ್ವಾಲೆ ಮೇಲಕ್ಕೆ ಎದ್ದು ಹೊಗೆ ಬಂದರೆ:* ಬಿಸಿ ಸಾಲದು. ಎಣ್ಣೆ ಆವಿಯಾಗದೆ ಹಾಗೇ ಬರುತ್ತಿದೆ. ಕೂಡಲೇ ಗಾಳಿ ಬಿಟ್ಟು ಆರಿಸಿ, ತಣಿಸಿ, ಒರೆಸಿ, ಮತ್ತೆ ಸ್ಪಿರಿಟ್ಟಿನಿಂದ ಶುರು ಮಾಡಬೇಕು.

*ಬೆಳಕು ಮೆಲ್ಲಗೆ ಮಂಕಾದರೆ:* ಒತ್ತಡ ಇಳಿದಿದೆ. ಮೀಟರು ನೋಡಿ ಪಂಪು ಹೊಡೆಯಬೇಕು.

*ಮೀಟರು ಸರಿ ಇದ್ದೂ ಬೆಳಕು ಮಿಣಿಮಿಣಿ ಎಂದರೆ:* ತೂತಿನಲ್ಲಿ ಮಸಿ ಕಟ್ಟಿದೆ. ಪಕ್ಕದ ಚಕ್ರ ಒಂದು ಸುತ್ತು ತಿರುಗಿಸಿದರೆ ಒಳಗಿನ ಪಿನ್ನು ಮೇಲೆದ್ದು ಕಸ ತಳ್ಳುತ್ತದೆ. ಹೊರಗಿನಿಂದ ದಪ್ಪ ಸೂಜಿ ಹಾಕಿ ಚುಚ್ಚಬಾರದು. ತೂತು ದೊಡ್ಡದಾದರೆ ಆ ನಾಜಲ್ ಹಾಳು, ಲೈಟು ಯಾವಾಗಲೂ ಹೊಗೆಯುತ್ತದೆ.

*ಪಟಪಟ ಸದ್ದು ಬಂದರೆ:* ಎಣ್ಣೆಯಲ್ಲಿ ನೀರು ಸೇರಿದೆ. ಆರಿಸಿ, ತಣ್ಣಗಾದ ಮೇಲೆ ಟ್ಯಾಂಕು ಬರಿದು ಮಾಡಿ ಒಣಗಿಸಬೇಕು.

*ಪಂಪು ಹೊಡೆದರೆ ಬಿಗಿಯೇ ಸಿಗದಿದ್ದರೆ:* ಒಳಗಿನ ತೊಗಲಿನ ವಾಷರ್ ಒಣಗಿದೆ. ಬಿಚ್ಚಿ, ಎರಡು ತೊಟ್ಟು ಹರಳೆಣ್ಣೆ ಹಚ್ಚಿ, ಬೆರಳಿನಿಂದ ಅಂಚು ಅಗಲ ಮಾಡಿ ಹಾಕಿದರೆ ಸರಿಹೋಗುತ್ತದೆ. ನೂರಕ್ಕೆ ತೊಂಬತ್ತು ಲೈಟು ಈ ಪುಟ್ಟ ತೊಗಲಿಗಾಗಿ ಗುಜರಿಗೆ ಹೋದವು ಅಂತ ತಾತ ನಗುತ್ತಾರೆ.

*ಪಂಪಿನ ಹಿಡಿ ತಾನಾಗಿ ಮೇಲೆ ಬಂದರೆ:* ಪಂಪಿನ ಕೆಳಗಿನ ವಾಲ್ವ್ ಸೋರುತ್ತಿದೆ. ತಿಳಿದವರ ಹತ್ತಿರ ರಿಪೇರಿ ಮಾಡಿಸಬೇಕು.

*ಮ್ಯಾಂಟಲ್ ತೂತಾದರೆ:* ಇನ್ನೊಂದು ಗಂಟೆ ನಡೆಯಲಿ ಎಂದು ಬಿಡಬಾರದು. ತೂತಿನಿಂದ ಜ್ವಾಲೆ ನೇರ ಗಾಜಿಗೆ ಹೊಡೆದು ಗಾಜು ಸಿಡಿಯುತ್ತದೆ.

ನಾನು ಮಾಡಿದ ತಪ್ಪು

ಮತ್ತೆ ಆ ರಾತ್ರಿಗೆ ಬರುತ್ತೇನೆ. ಸುಮಾರು ಎರಡು ಗಂಟೆ ಇರಬೇಕು. ಅಪ್ಪ, ಅಮ್ಮ, ಅಜ್ಜಿ ಹುಳುಮನೆಯಲ್ಲಿದ್ದರು. ತಾತ ಜಗಲಿ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದರು. ಲೈಟು ಮೆಲ್ಲಗೆ ಮಂಕಾಗತೊಡಗಿತು. ಒಳಗಿನಿಂದ ಅಮ್ಮ "ಬೆಳಕು ಸಾಲ್ತಾ ಇಲ್ಲ" ಎಂದು ಕೂಗಿದರು. ನಾನು ಎಣ್ಣೆ ಮುಗಿದಿರಬೇಕು ಅಂದುಕೊಂಡೆ. ಲೈಟನ್ನು ಕಂಬದಿಂದ ಇಳಿಸಿ, ಒಂದು ಕೈಯಲ್ಲಿ ಸೀಮೆಎಣ್ಣೆ ಡಬ್ಬ ಹಿಡಿದು, ಇನ್ನೊಂದು ಕೈಯಿಂದ ಉರಿಯುತ್ತಿದ್ದ ಲೈಟಿನ ಮುಚ್ಚಳ ತಿರುಗಿಸಲು ಹೋದೆ.

"ಬಿಡೇ! ಮುಟ್ಬೇಡ!"

ತಾತ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಡಬ್ಬ ಕೆಳಗಿಟ್ಟು ಅಲ್ಲೇ ನಿಂತೆ. ಅವರು ಎದ್ದು ಬಂದು ಡಬ್ಬವನ್ನು ದೂರ ಇಟ್ಟರು. ಆಮೇಲೆ ಮೀಟರು ತೋರಿಸಿದರು. ಮುಳ್ಳು ಕೆಳಗೆ ಬಿದ್ದಿತ್ತು. ಹತ್ತು ಹದಿನೈದು ಸಲ ಪಂಪು ಹೊಡೆದರು. ಬೆಳಕು ಮತ್ತೆ ಬೆಳ್ಳಗಾಯಿತು. ಎಣ್ಣೆ ಇನ್ನೂ ಅರ್ಧ ಟ್ಯಾಂಕು ಇತ್ತು!

ಆ ಮುಚ್ಚಳ ತೆಗೆದಿದ್ದರೆ ಏನಾಗುತ್ತಿತ್ತು? ಒತ್ತಡದಲ್ಲಿದ್ದ ಗಾಳಿ ಎಣ್ಣೆಯ ಆವಿಯನ್ನೂ ಹನಿಗಳನ್ನೂ ಹೊತ್ತು ಬುಸ್ಸೆಂದು ಹೊರಗೆ ಬರುತ್ತಿತ್ತು. ಒಂದು ಗೇಣು ಮೇಲೆ ಕೆಂಡದಂಥ ಮ್ಯಾಂಟಲ್. ಪಕ್ಕದಲ್ಲಿ ತೆರೆದ ಡಬ್ಬ. ಮುಂದೆ ನನ್ನ ಮುಖ.

ತಾತ ಬೈಯಲಿಲ್ಲ. ಬಲಗೈ ಅಂಗಿ ಮಡಿಸಿ ತೋರಿಸಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತದೆ. ಅದನ್ನು ನಾನು ದಿನಾ ನೋಡಿದ್ದೇನೆ, ಯಾಕೆ ಅಂತ ಕೇಳಿರಲಿಲ್ಲ. ಹರೆಯದಲ್ಲಿ ಒಂದು ಮದುವೆಗೆ ಲೈಟು ತೆಗೆದುಕೊಂಡು ಹೋದಾಗ, ಯಾರೋ ತಂದುಕೊಟ್ಟ ಸೀಮೆಎಣ್ಣೆಯಲ್ಲಿ ಪೆಟ್ರೋಲ್ ಬೆರೆತಿತ್ತಂತೆ. ವಾಸನೆ ಬೇರೆ ಇದೆ ಅಂತ ಅನುಮಾನ ಬಂದರೂ, ದಿಬ್ಬಣ ಹೊರಡಬೇಕು ಅಂತ ಎಲ್ಲರೂ ಅವಸರ ಮಾಡಿದ್ದಕ್ಕೆ ಹಚ್ಚಿಬಿಟ್ಟರಂತೆ. "ದಿಬ್ಬಣ ಒಂದು ಗಳಿಗೆ ತಡ ಆಗಿದ್ರೆ ಏನೂ ಆಗ್ತಿರ್ಲಿಲ್ಲಮ್ಮ. ನಾನು ಮೂರು ತಿಂಗಳು ಕೈ ಎತ್ತೋಕೆ ಆಗ್ಲಿಲ್ಲ" ಎಂದರು.

ಇದರ ಕಾರಣ ವಿಜ್ಞಾನದಲ್ಲಿದೆ. ಸೀಮೆಎಣ್ಣೆ ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದ ಮೇಲೆ ಮಾತ್ರ ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅಷ್ಟು ಆವಿ ಬಿಡುತ್ತದೆ. ಅಂದರೆ ನಮ್ಮೂರಿನ ಚಳಿಗಾಲದ ರಾತ್ರಿಯಲ್ಲಿಯೂ ಪೆಟ್ರೋಲ್ ಬೆರೆತ ಟ್ಯಾಂಕು ಬಾಂಬಿದ್ದಂತೆ. ವಾಸನೆಯಲ್ಲಿ ಅನುಮಾನ ಬಂದರೆ ಆ ಎಣ್ಣೆ ಹಾಕಲೇಬಾರದು.

ಎಲ್ಲರೂ ನೆನಪಿಡಬೇಕಾದದ್ದು

• ಉರಿಯುವ ಲೈಟಿನ ಮುಚ್ಚಳ ತೆಗೆಯಬಾರದು. ಆರಿಸಿ, ಗಾಳಿ ಬಿಟ್ಟು, ಪೂರ್ತಿ ತಣ್ಣಗಾದ ಮೇಲೆ ಎಣ್ಣೆ.

• ಮುಚ್ಚಿದ ಕೋಣೆಯಲ್ಲಿ ಉರಿಸಿ ಮಲಗಬಾರದು. ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಅನಿಲ ಬರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

• ಕಾದ ಗಾಜಿಗೆ ಮಳೆ ಹನಿ ತಾಗಿದರೆ ಒಡೆಯುತ್ತದೆ. ಹುಲ್ಲುಮೆದೆ, ಸೋಗೆ, ಚಪ್ಪರದ ಕೆಳಗೆ ನೇತು ಹಾಕಬಾರದು.

• ಸೀಮೆಎಣ್ಣೆಯನ್ನು ಕೂಲ್‌ಡ್ರಿಂಕ್ಸ್ ಸೀಸೆಯಲ್ಲಿ ಇಡಬಾರದು. ಚಿಕ್ಕ ಮಕ್ಕಳು ಕುಡಿದುಬಿಡುತ್ತವೆ. ಕುಡಿದರೆ ವಾಂತಿ ಮಾಡಿಸಬಾರದು, ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೆ ಹೋಗಬೇಕು.

• ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಮರಳು ಅಥವಾ ಮಣ್ಣು ಹಾಕಬೇಕು. ಅದಕ್ಕೇ ತಾತ ಪಕ್ಕದಲ್ಲಿ ಒಂದು ಬಾಂಡಲಿ ಮರಳು ಇಟ್ಟೇ ಲೈಟು ಹಚ್ಚುವುದು.

• ಮೈ ಸುಟ್ಟರೆ 20 ನಿಮಿಷ ತಣ್ಣೀರು ಹರಿಯಬಿಡಬೇಕು. ಪೇಸ್ಟು, ಇಂಕು, ಅರಿಶಿನ ಏನೂ ಬಳಿಯಬಾರದು. 108ಕ್ಕೆ ಫೋನು ಮಾಡಬೇಕು.

• ಸ್ಕೌಟ್ ಶಿಬಿರಕ್ಕೋ ಬೆಟ್ಟಕ್ಕೋ ಚಿಕ್ಕ ಲೈಟು ಒಯ್ಯುವುದಾದರೆ ಟ್ಯಾಂಕು ಬರಿದು ಮಾಡಿ, ಗಾಜಿಗೆ ಬಟ್ಟೆ ಸುತ್ತಿ ಒಯ್ಯಬೇಕು. ಸುಟ್ಟ ಮ್ಯಾಂಟಲ್ ಕುಲುಕಿದರೆ ಉದುರುತ್ತದೆ, ಜೊತೆಗೆ ಎರಡು ಹೊಸದು ಇರಲಿ. ಡೇರೆ ಒಳಗೆ ಮಾತ್ರ ಯಾವತ್ತೂ ಹಚ್ಚಬಾರದು.

ಲಾಂದ್ರ ಇರುವವರಿಗೆ

ಬತ್ತಿಯ ಲಾಂದ್ರಕ್ಕೆ ಪಂಪು, ಸ್ಪಿರಿಟ್ ಬೇಡ. ಬೆಳಕು ಕಡಿಮೆ, ಅಪಾಯವೂ ಕಡಿಮೆ. ಬತ್ತಿಯ ತುದಿಯನ್ನು ಕತ್ತರಿಯಿಂದ ಸಮ ಮಾಡಿ ಎರಡು ಮೂಲೆ ಸ್ವಲ್ಪ ಕತ್ತರಿಸಿದರೆ ಜ್ವಾಲೆ ದುಂಡಗೆ ಬರುತ್ತದೆ. ಬೆಳಕು ಬೇಕೆಂದು ಬತ್ತಿ ಏರಿಸಿದರೆ ಮಸಿ ಹೆಚ್ಚುತ್ತದೆಯೇ ಹೊರತು ಬೆಳಕಲ್ಲ. ಗಾಜು ತಣ್ಣಗಾದ ಮೇಲೆ ಜರಡಿ ಹಿಡಿದ ಬೂದಿ, ಹಳೆ ಪೇಪರಿನಿಂದ ಉಜ್ಜಿದರೆ ಫಳಫಳ ಆಗುತ್ತದೆ.

ಒಂದು ಲೆಕ್ಕ

500 ಕ್ಯಾಂಡಲ್ ಪವರ್ ಗ್ಯಾಸ್‌ಲೈಟು ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 8 ಗಂಟೆ ಉರಿಯುತ್ತದೆ. ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು 35 ಮೆಗಾಜೌಲ್ ಶಕ್ತಿ ಇದೆ. 35ನ್ನು 8 ಗಂಟೆಗೆ, ಅಂದರೆ 28,800 ಸೆಕೆಂಡಿಗೆ ಹಂಚಿದರೆ ಸುಮಾರು 1,200 ವಾಟ್ ಬರುತ್ತದೆ. ನಮ್ಮ ಮನೆಯ ಎಲ್‌ಇಡಿ ಬಲ್ಬು 9 ವಾಟ್! ಗ್ಯಾಸ್‌ಲೈಟಿನ ಶಕ್ತಿಯಲ್ಲಿ ಬಹುಪಾಲು ಬರೀ ಬಿಸಿಯಾಗಿ ಹೋಗುತ್ತದೆ. ಇಷ್ಟು ಬಿಸಿ ಇರುವುದರಿಂದಲೇ ಅದು ಒಲೆಯಷ್ಟೇ ಅಪಾಯ.

ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಬಂತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಕರೆಂಟು ದೀಪ ಹತ್ತಿತು. ಆದರೆ ನಮ್ಮ ಹಳ್ಳಿಗಳ ಮನೆಗಳಿಗೆ ಬರಲು ಇನ್ನೂ ಎಷ್ಟೋ ದಶಕ ಹಿಡಿಯಿತು. ಅಷ್ಟು ವರ್ಷ ಹಳ್ಳಿಯ ಮದುವೆಗೂ ಭಜನೆಗೂ ಬೆಳಕು ಕೊಟ್ಟದ್ದು ಈ ಲೈಟು, ಅದನ್ನು ಹೊತ್ತವರು ನಮ್ಮ ತಾತನಂಥವರು. ಈಗ ಸೀಮೆಎಣ್ಣೆಯೂ ಮೊದಲಿನ ಹಾಗೆ ಸುಲಭವಾಗಿ ಸಿಗುವುದಿಲ್ಲ. ಆದರೂ ಅಟ್ಟದ ಮೇಲೆ ಲೈಟು ಇರುವ ಮನೆಯವರು ಅದನ್ನು ಹಚ್ಚುವ ಮೊದಲು ತಿಳಿದವರನ್ನು ಕೇಳಿಕೊಳ್ಳಲಿ.

ಅವತ್ತು ಬೆಳಗಿನ ಜಾವದ ಹೊತ್ತಿಗೆ ಹಣ್ಣಾದ ಹುಳು ಎಲ್ಲಾ ಚಂದ್ರಿಕೆ ಸೇರಿದ್ದವು. ಆಮೇಲೆ ಅಪ್ಪ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದು ಒಳ್ಳೆ ಬೆಲೆಗೆ ಕೊಟ್ಟು ಬಂದರು. ತಾತ ಲೈಟನ್ನು ತಣ್ಣಗೆ ಮಾಡಿ, ಎಣ್ಣೆ ಬರಿದು ಮಾಡಿ, ಒರೆಸಿ, ಮತ್ತೆ ಗೋಣಿಚೀಲ ಸುತ್ತಿ ನನ್ನ ಕೈಗೇ ಕೊಟ್ಟು, "ಮುಂದಿನ ಸಲ ನೀನೇ ಒರೆಸ್ಬೇಕು" ಎಂದರು.

ಉತ್ತರ ಬರೆಯಿರಿ

1. ಟ್ಯಾಂಕನ್ನು ಪೂರ್ತಿ ಯಾಕೆ ತುಂಬಿಸಬಾರದು?

2. ಬುಡ್ಡಿ ಮಸಿ ಬಿಡುತ್ತದೆ, ಸರಿಯಾಗಿ ಉರಿಯುವ ಗ್ಯಾಸ್‌ಲೈಟು ಬಿಡುವುದಿಲ್ಲ. ಯಾಕೆ?

3. ಬೆಳಕು ಮಂಕಾದಾಗ ಮೊದಲು ಏನು ನೋಡಬೇಕು?

(ಉತ್ತರಗಳನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿನ ಡಬ್ಬಕ್ಕೆ ಹಾಕಿ. ನಿಮ್ಮ ಮನೆಯಲ್ಲೂ ಗ್ಯಾಸ್‌ಲೈಟು ಇದ್ದರೆ ಅದರ ವಿಷಯವನ್ನೂ ಬರೆಯಿರಿ.)